ಕ್ಷೇಮಾಧಿಕಾರಿಯ ಬಿಸಿ ಹಾಲು

ನೈಜೆಲ್ ಟಾಟರ್ಸಲ್ ಕ್ವಿಜ್ ಲೀಗಿನ ಕ್ಷೇಮಾಧಿಕಾರಿ ಆದದ್ದು ಅಪ್ಪಟ ಯೋಗ್ಯತೆಯಿಂದ. ಇದು ನೈಜೆಲ್‌ನ ಅಭಿಪ್ರಾಯ. ಅವನ ಹೆಂಡತಿ ಹಿಲರಿಯನ್ನು ಕೇಳಿದರೆ, ಕೈಯೆತ್ತಿ ಓಟು ಹಾಕುವ ಹೊತ್ತಿಗೆ ಅವನು ಶೌಚಾಲಯದಲ್ಲಿದ್ದದ್ದರಿಂದ. ಇಬ್ಬರಲ್ಲಿ ಯಾರ ಮಾತು ನಿಜ ಎಂದು ನಾನು ಹೇಳಿ ನಿಷ್ಠುರ ಕಟ್ಟಿಕೊಳ್ಳುವುದಿಲ್ಲ. ಆದರೆ ಥಾರ್ನ್‌ಶಾ ಊರಿನಲ್ಲಿ ತಲೆತಲಾಂತರದಿಂದ ಒಂದು ಪದ್ಧತಿ ನಡೆದುಬಂದಿದೆ. ಯಾರಿಗೂ ಬೇಡದ ಕೆಲಸವನ್ನು ಆ ಗಳಿಗೆಯಲ್ಲಿ ಕೋಣೆಯಲ್ಲಿ ಇಲ್ಲದವರ ಕೊರಳಿಗೆ ಕಟ್ಟುವುದು. ಇಗರ್ಜಿಯ ಖಜಾಂಚಿ, ಹೂದೋಟ ಸಂಘದ ಗೊಬ್ಬರದ ಉಸ್ತುವಾರಿ, ಎಲ್ಲರೂ ಹೀಗೆ ನೇಮಕವಾದವರೇ. ಅದಕ್ಕೇ ನಮ್ಮವರು ಸಭೆಯಿದ್ದ ದಿನ ಮಧ್ಯಾಹ್ನದಿಂದಲೇ ಚಹಾ ಕುಡಿಯುವುದನ್ನು ಬಿಟ್ಟುಬಿಡುತ್ತಾರೆ.

ನೈಜೆಲ್ ಕೈ ಒರೆಸಿಕೊಳ್ಳುತ್ತಾ ವಾಪಸು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಲೀಗಿನ ಕಾರ್ಯದರ್ಶಿ ಮಿಸ್ ಆಡ್ರಿ ಫಿಲ್ಪಾಟ್, ಒಂದು ಕಾಲಕ್ಕೆ ಅರ್ಧ ಊರಿಗೆ ಲ್ಯಾಟಿನ್ ಕಲಿಸಿ ಹೆದರಿಸಿಟ್ಟವರು, ಕನ್ನಡಕದ ಮೇಲಿಂದ ನೋಡಿ ಹೇಳಿದರು: "ಮೇಲಿನವರ ಅಪ್ಪಣೆ ಬಂದಿದೆ, ನೈಜೆಲ್. ಇನ್ನು ಮೇಲೆ ಪ್ರತಿಯೊಂದು ಲೀಗಿನಲ್ಲೂ ಸ್ಪರ್ಧಿಗಳ ರಕ್ಷಣೆಗೆ ಒಬ್ಬರಿರಬೇಕಂತೆ. ಅದು ನೀನೇ. ಅಭಿನಂದನೆ."

"ರಕ್ಷಣೆನಾ? ಯಾರಿಂದ?"

"ಅದನ್ನ ಕಂಡುಹಿಡಿಯೋದೇ ನಿನ್ನ ಕೆಲಸ," ಎಂದರು ಮಿಸ್ ಫಿಲ್ಪಾಟ್.

ಬೇರೆಯವರಾಗಿದ್ದರೆ ಈ ಪಟ್ಟವನ್ನು ಛತ್ರಿಯ ಜೊತೆ ಪಬ್ಬಿನಲ್ಲೇ ಮರೆತು ಬರುತ್ತಿದ್ದರು. ನೈಜೆಲ್ ಮರೆಯುವ ಜಾತಿಯವನಲ್ಲ. ನಿವೃತ್ತಿಯಾಗುವವರೆಗೂ ಬಸ್ಸುಗಳ ವೇಳಾಪಟ್ಟಿ ಮಾಡುತ್ತಿದ್ದವನು. ಬಸ್ಸು ತಡವಾದರೆ ತಪ್ಪು ಬಸ್ಸಿನದು, ಪಟ್ಟಿಯದಲ್ಲ ಎಂದು ಜೀವಮಾನವಿಡೀ ನಂಬಿದವನು. ಟೌನ್ ಹಾಲಿನಲ್ಲಿ ಒಂದು ಸಂಜೆಯ ತರಬೇತಿ ಇತ್ತು. ಹೋಗಿ ಬಂದವನ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಹಿಲರಿ, ನಾವು ಇಷ್ಟು ವರ್ಷ ಎಂಥಾ ನರಕದಲ್ಲಿ ಕೂತು ಪೈ ತಿಂತಿದ್ವಿ ಗೊತ್ತಾ?"

ಹಿಲರಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. "ಪೈ ಅಷ್ಟೇನೂ ಕೆಟ್ಟದಾಗಿರಲಿಲ್ವಲ್ಲ."

"ಪೈ ಅಲ್ಲ ಕಣೇ, ಕ್ವಿಜ್! ಒಂದೂರಲ್ಲಿ ಮಕ್ಕಳ ಕ್ವಿಜ್ ನಡೀತಿದ್ದಾಗ ಅಪ್ಪ ಅನ್ನೋನು ಹಿಂದಿನ ಸಾಲಿನಿಂದ ಉತ್ತರ ಕೂಗಿ ಕೂಗಿ ಮಗು ವೇದಿಕೆ ಮೇಲೇ ಅತ್ತುಬಿಡ್ತಂತೆ. ಇನ್ನೊಂದೂರಲ್ಲಿ ದೊಡ್ಡವರೇ. ಒಬ್ಬಳು ಹೆಂಗಸು ತಪ್ಪು ಉತ್ತರ ಕೊಟ್ಟಳು ಅಂತ ಅವಳ ತಂಡದೋರು ವಾಪಸು ಬರೋವಾಗ ಕಾರಲ್ಲಿ ದಾರಿಯುದ್ದಕ್ಕೂ ಒಂದು ಮಾತಾಡಲಿಲ್ವಂತೆ. ಅವಳು ಕ್ವಿಜ್ಜೇ ಬಿಟ್ಟುಬಿಟ್ಟಳಂತೆ. ನನಗೆ ಕೇಳಿ ಎದೆ ಧಸಕ್ ಅಂತು."

ಹಿಲರಿಯ ಚಾಕು ಒಂದು ಕ್ಷಣ ನಿಂತಿತು. "ಹೌದಾ," ಎಂದಳು.

"ತರಬೇತಿ ಕೊಟ್ಟವಳು ಇನ್ನೊಂದು ಮಾತು ಹೇಳಿದಳು. ಹಿಂಸೆ ಕೊಡೋನಿಗೆ ತಾನು ಹಿಂಸೆ ಕೊಡ್ತಿದ್ದೀನಿ ಅಂತ ಗೊತ್ತೇ ಇರಲ್ಲವಂತೆ! ಅದನ್ನ ಕೇಳಿದ ತಕ್ಷಣ ನನ್ನ ಕಣ್ಣ ಮುಂದೆ ಒಂದು ಮುಖ ಬಂದು ನಿಂತಿತು."

"ಯಾರದ್ದು?" ಹಿಲರಿ ಆಲೂಗಡ್ಡೆಯನ್ನು ಕೆಳಗಿಟ್ಟಳು.

"ರೆಜ್ ಆಗ್ಡನ್‌ದು! ಇನ್ಯಾರದ್ದು?"

ಹಿಲರಿ ಆಲೂಗಡ್ಡೆಯನ್ನು ಮತ್ತೆ ಎತ್ತಿಕೊಂಡಳು. ಅದರ ಸಿಪ್ಪೆ ಅಗತ್ಯಕ್ಕಿಂತ ದಪ್ಪವಾಗಿಯೇ ಹೋಯಿತು.

ರೆಜ್ ಆಗ್ಡನ್ ಯಾರೆಂದು ಹೇಳಿಬಿಡುತ್ತೇನೆ. ಬೌಲಿಂಗ್ ಕ್ಲಬ್ಬಿನ ಕ್ವಿಜ್ ತಂಡದ ಕ್ಯಾಪ್ಟನ್, ಯೋಚಿಸುವಾಗ ಕಟ್ಟಿಸಿದ ಹಲ್ಲನ್ನು ಕಟಕಟ ಅನ್ನಿಸುವ ಅಭ್ಯಾಸದವನು. ಅವನ ನಿಜವಾದ ಅಪರಾಧ ಬೇರೆ. ಲೀಗಿನ ಬೆಳ್ಳಿ ಬಟ್ಟಲಿನ ಮೇಲೆ ಗೆದ್ದ ತಂಡದ ಕ್ಯಾಪ್ಟನ್ನನ ಹೆಸರು ಕೆತ್ತಿಸುವುದು ವಾಡಿಕೆ. ಆ ಬಟ್ಟಲನ್ನು ಯಾವ ಕಡೆಯಿಂದ ತಿರುಗಿಸಿ ನೋಡಿದರೂ ರೆಜ್ ಆಗ್ಡನ್ ಎಂಬ ಹೆಸರೇ ಕಣ್ಣಿಗೆ ಹೊಡೆಯುತ್ತದೆ. ನೈಜೆಲ್ ಟಾಟರ್ಸಲ್ ಎಂಬ ಹೆಸರು ಯಾವ ಕಡೆಯಿಂದಲೂ ಇಲ್ಲ. 'ಬಲ್ಲವರು' ತಂಡದ ಕ್ಯಾಪ್ಟನ್ ಆಗಿ ಕೂದಲು ಉದುರಿಸಿಕೊಂಡರೂ ಆ ಹೆಸರು ಆ ಬೆಳ್ಳಿಯ ಮೇಲೆ ಏರಿರಲಿಲ್ಲ. ಅವನಿಗೆ ಬದುಕಿನಲ್ಲಿ ಬೇರೆ ದೊಡ್ಡ ಆಸೆಗಳೇನೂ ಇರಲಿಲ್ಲ. ಸತ್ತ ಮೇಲೆ ಗೋರಿಕಲ್ಲಿನ ಮೇಲೆ ಹೆಸರು ಎಲ್ಲರದ್ದೂ ಬರುತ್ತದೆ, ಬದುಕಿರುವಾಗ ಬೆಳ್ಳಿಯ ಮೇಲೆ ಬರಬೇಕು ಎನ್ನುತ್ತಿದ್ದ. ಈ ಸಲ 'ಬಲ್ಲವರು' ಫೈನಲ್ ತಲುಪಿದ್ದರು. ಎದುರಾಳಿ ಅದೇ ರೆಜ್.

ಅಲ್ಲಿಂದಾಚೆಗೆ ನೈಜೆಲ್‌ಗೆ ಎಲ್ಲೆಲ್ಲೂ ಅಪಾಯವೇ ಕಾಣತೊಡಗಿತು. ಫೈನಲ್ ನಡೆಯುವ 'ಹಂಸ ಮತ್ತು ಪೀಪಾಯಿ' ಪಬ್ಬಿಗೆ ಹೋಗಿ, ತಲೆಗೆ ಬಡಿಯುವ ತೊಲೆಗೆ ಸ್ಪಂಜು ಕಟ್ಟಿಸಿದ. ಕೊನೆಯ ಸ್ಥಾನದವರಿಗೆ ಕೊಡುತ್ತಿದ್ದ ಮರದ ಸೌಟನ್ನು 'ಮಾನವ ಘನತೆಗೆ ಧಕ್ಕೆ' ಎಂದು ರದ್ದು ಮಾಡಿದ. (ಸತತವಾಗಿ ಅದನ್ನೇ ಗೆದ್ದು ಅಡುಗೆಮನೆ ತುಂಬಿಸಿಕೊಂಡಿದ್ದ ಅಂಚೆ ಕಚೇರಿಯ ತಂಡದವರು ಅತ್ತೇಬಿಟ್ಟರು. ಅವರ ಕ್ಷೇಮ ವಿಚಾರಿಸಲು ಯಾರೂ ಇರಲಿಲ್ಲ.) ಪ್ರಶ್ನೆ ಕೇಳುವ ಮಿಸ್ಟರ್ ಗಿಲ್ಬರ್ಟ್ ಇನ್ನು ಮೇಲೆ 'ತಪ್ಪು' ಎನ್ನಕೂಡದು, 'ಧೀರ ಪ್ರಯತ್ನ' ಎನ್ನಬೇಕು ಎಂದು ಕಟ್ಟಪ್ಪಣೆಯಾಯಿತು.

ಮನೆಯಲ್ಲಂತೂ ದಿನಾ ಅಭ್ಯಾಸ.

"ಹಿಲರಿ, ಈ ಊಟದ ಮೇಜಿನಲ್ಲಿ ನಿನಗೆ ಸುರಕ್ಷಿತ ಅನ್ನಿಸುತ್ತಾ?"

"ಉಪ್ಪಿನ ಡಬ್ಬಿ ಈ ಕಡೆ ತಳ್ಳು."

"ಉತ್ತರ ಹೇಳು. ನಾನು ಅಧಿಕಾರಿಯಾಗಿ ಕೇಳ್ತಿದ್ದೀನಿ. ಚೆನ್ನಾಗಿದ್ದೀಯಾ?"

"ಚೆನ್ನಾಗಿದ್ದೀನಿ."

"ನೋಡು, ಎಷ್ಟು ಸುಲಭ! ಕೇಳಿದ್ರೆ ಜನ ಹೇಳ್ತಾರೆ. ಕೇಳೋರಿರಲಿಲ್ಲ ಅಷ್ಟೆ," ಎಂದು ನೈಜೆಲ್ ಸಂತೃಪ್ತಿಯಿಂದ ಬಟಾಣಿಗೆ ಚಮಚ ಹಾಕಿದ.

ಆದರೂ ನಮ್ಮ ಜನದ ಸ್ವಭಾವ ಅವನಿಗೆ ಗೊತ್ತಿಲ್ಲದ್ದೇನಲ್ಲ. ಕಾಲು ಮುರಿದು ರಸ್ತೆಯಲ್ಲಿ ಬಿದ್ದಿದ್ದರೂ "ಪರವಾಗಿಲ್ಲ, ನಿಮಗೆ ತೊಂದರೆ ಕೊಟ್ಟೆ" ಎನ್ನುವವರು. ರೆಜ್‌ನ ಬಾಯಿಗೆ ಸಿಕ್ಕ ಬಡಪಾಯಿಗಳು ಎಲ್ಲರೆದುರು ಬಾಯಿ ಬಿಟ್ಟು ದೂರುವುದುಂಟೇ? ಅದಕ್ಕಾಗಿ ನೈಜೆಲ್ ಒಂದು ಮಹಾ ಉಪಾಯ ಹೂಡಿದ. ಯಾರಿಗಾದರೂ ಕ್ವಿಜ್ ನಡೆಯುವಾಗ ಯಾರಿಂದಲಾದರೂ ಹಿಂಸೆಯಾದರೆ, ಅವರು ಸದ್ದಿಲ್ಲದೆ ಬಾರಿಗೆ ಹೋಗಿ ಒಂದು ಲೋಟ ಬಿಸಿ ಹಾಲು ಕೇಳಬೇಕು. ಪಬ್ಬಿನೊಡತಿ ಮೊರೀನ್ ಅವರನ್ನು ಹಿಂದಿನ ಕೋಣೆಗೆ ಕರೆದೊಯ್ದು ಕೂರಿಸಿ, ಒರೆಸುವ ಬಟ್ಟೆಯನ್ನು ಎಡ ಹೆಗಲಿಗೆ ಹಾಕಿಕೊಳ್ಳಬೇಕು. ಅದನ್ನು ನೋಡಿ ಕ್ಷೇಮಾಧಿಕಾರಿ ಹೋಗಿ ದೂರು ಕೇಳುತ್ತಾನೆ. 'ಹಂಸ ಮತ್ತು ಪೀಪಾಯಿ'ಯಲ್ಲಿ ಕಂಡುಕೇಳಿದ ಕಾಲದಲ್ಲಿ ಯಾರೂ ಹಾಲು ಕುಡಿದ ದಾಖಲೆಯಿಲ್ಲ, ಹಾಗಾಗಿ ಗೊಂದಲಕ್ಕೆ ಆಸ್ಪದವೇ ಇರಲಿಲ್ಲ.

"ಎಲ್ಲರಿಗೂ ಹೇಳಿದ್ದೀಯಾ ಇದನ್ನ?" ಹಿಲರಿ ಕೇಳಿದಳು.

"ಒಬ್ಬೊಬ್ಬರಿಗೂ. ರೆಜ್‌ಗೂ ಹೇಳಿದ್ದೀನಿ. ಪಕ್ಷಪಾತ ಇರಬಾರದು ನೋಡು."

"ಹಾಲು ಬಿಸಿಯಾಗೇ ಇರಬೇಕಾ?"

"ಬಿಸಿಯಾಗೇ. ಯಾಕೆ?"

"ಸುಮ್ಮನೆ ಕೇಳಿದೆ," ಎಂದಳು ಹಿಲರಿ.

ಫೈನಲ್ ದಿನ ಸಂಜೆ ಪಬ್ಬು ಕಿಕ್ಕಿರಿದಿತ್ತು. ನೈಜೆಲ್ ಹಳದಿ ಅಂಗಿ ತೊಟ್ಟು, ಅದರ ಮೇಲೆ ಕ್ಷೇಮಾಧಿಕಾರಿ ಎಂಬ ಬಿಲ್ಲೆ ಸಿಕ್ಕಿಸಿಕೊಂಡು, ರಸ್ತೆ ರಿಪೇರಿಯವನ ಹಾಗೆ ಕಾಣುತ್ತಿದ್ದ. ಅವನ ತಂಡದಲ್ಲಿ ಹಿಲರಿಯಲ್ಲದೆ ಇನ್ನಿಬ್ಬರು: ಔಷಧಿ ಅಂಗಡಿಯ ಫರ್ಜಾನಾ ಮಿರ್ಜಾ, ಮತ್ತು ಮಾತಾಡಿದರೆ ಖರ್ಚಾದೀತು ಎಂಬಂತಿರುವ, ಮನೆಮನೆಗೆ ಟಪಾಲು ಹಂಚುವ ಕೀತ್. ನಮ್ಮ ಲೀಗಿನ ನಿಯಮ ಸರಳ. ಪ್ರಶ್ನೆಗೆ ತಂಡದವರು ತಂತಮ್ಮಲ್ಲಿ ಪಿಸುಗುಟ್ಟಬಹುದು, ಆದರೆ ಲೆಕ್ಕಕ್ಕೆ ಬರುವುದು ಕ್ಯಾಪ್ಟನ್ನನ ಬಾಯಿಂದ ಬಿದ್ದ ಉತ್ತರ ಮಾತ್ರ.

"ಮನುಷ್ಯನ ಮೈಯಲ್ಲಿ ಎಲ್ಲಕ್ಕಿಂತ ಚಿಕ್ಕ ಮೂಳೆ ಎಲ್ಲಿದೆ?" ಮಿಸ್ಟರ್ ಗಿಲ್ಬರ್ಟ್ ಕೇಳಿದರು.

"ಕಿವಿಯಲ್ಲಿ," ಹಿಲರಿ ಪಿಸುಗುಟ್ಟಿದಳು.

ಆಗ ನೈಜೆಲ್ ನಿಟ್ಟುಸಿರು ಬಿಟ್ಟ. ಈ ನಿಟ್ಟುಸಿರಿನ ಬಗ್ಗೆ ಎರಡು ಮಾತು. ಅದು ಮೊಣಕಾಲಿನ ಆಸುಪಾಸಿನಲ್ಲಿ ಹುಟ್ಟಿ, ಹೊಟ್ಟೆಯಲ್ಲಿ ಸ್ವಲ್ಪ ವಿಶ್ರಮಿಸಿ, ಮೂಗಿನಿಂದ ಹೊರಬರುವಾಗ ಪಕ್ಕದ ಮೇಜಿನ ಮೇಣದಬತ್ತಿ ಅಲುಗುತ್ತದೆ. ಅದರ ಜೊತೆಗೆ ಕಣ್ಣು ಮುಚ್ಚಿ, ಪೆನ್ಸಿಲಿನಿಂದ ಹಣೆ ತಟ್ಟಿಕೊಳ್ಳುವುದು. "ಕಿವಿಯಲ್ಲಿ ಮೂಳೆನಾ, ಹಿಲರಿ? ಮಡಚಿದ್ರೆ ಮಡಚುತ್ತಲ್ಲ ಅದು! ಕಾಲಿನ ಕಿರುಬೆರಳು!" ಎಂದು ಘೋಷಿಸಿದ.

"ಧೀರ ಪ್ರಯತ್ನ," ಎಂದರು ಗಿಲ್ಬರ್ಟ್. "ಕಿವಿ."

"ನಾವೂ ಅದರ ಹತ್ತಿರಾನೇ ಇದ್ವಿ," ಎಂದ ನೈಜೆಲ್ ಸುತ್ತ ನೋಡಿ.

ಆಸ್ಪಿರಿನ್ ಮಾತ್ರೆಗೆ ಮೂಲವಾದ ಮದ್ದು ಯಾವ ಮರದ ತೊಗಟೆಯಿಂದ ಬಂತು ಎಂಬುದು ಇನ್ನೊಂದು ಪ್ರಶ್ನೆ. ಹಗಲಿಡೀ ಮಾತ್ರೆ ಎಣಿಸಿಯೇ ಹೊಟ್ಟೆ ಹೊರೆಯುವ ಫರ್ಜಾನಾ "ವಿಲೋ, ನೂರಕ್ಕೆ ನೂರು ವಿಲೋ" ಎಂದಳು. ನೈಜೆಲ್ ಅವಳತ್ತ ಕರುಣೆಯಿಂದ ನೋಡಿ, "ನೀನು ಮಾರೋಳು ಕಣಮ್ಮಾ, ಬೆಳೆಯೋಳಲ್ಲ. ಓಕ್!" ಎಂದ. ಅದೂ ಧೀರ ಪ್ರಯತ್ನವಾಯಿತು. ಆಕ್ಟೋಪಸ್‌ಗೆ ಎಷ್ಟು ಹೃದಯ ಎಂದಾಗ ಹಿಲರಿ ಬಾಯಿ ತೆರೆದು, ಮತ್ತೆ ಮುಚ್ಚಿ, ಮೇಜಿನ ಕೆಳಗೆ ಮೂರು ಬೆರಳು ಮಡಚಿಕೊಂಡು ಕೂತಳು. ಅದನ್ನು ಕಂಡವನು ಕೀತ್ ಒಬ್ಬನೇ. "ಹೃದಯ ಅಂದಮೇಲೆ ಒಂದೇ! ಈ ಗಿಲ್ಬರ್ಟ್ ನಮ್ಮನ್ನ ಬೇಸ್ತು ಬೀಳಿಸೋಕೆ ನೋಡ್ತಿದ್ದಾನೆ," ಎಂದು ನೈಜೆಲ್ ಬೇಸ್ತು ಬಿದ್ದ.

ಮಧ್ಯಂತರಕ್ಕೆ ಪೈ ಬಂತು. ಬಲ್ಲವರು ಹಿಂದೆ ಬಿದ್ದಿದ್ದರು. ಬೆಳ್ಳಿ ಬಟ್ಟಲು ಕಿಟಕಿಯ ಕಟ್ಟೆಯ ಮೇಲೆ ಕೂತು ರೆಜ್‌ನ ಕಡೆಗೇ ಹೊಳೆಯುತ್ತಿರುವಂತೆ ನೈಜೆಲ್‌ಗೆ ಕಂಡಿತು. ಆಗಲೇ ಅವನ ದೃಷ್ಟಿ ಮೊರೀನ್ ಮೇಲೆ ಬಿತ್ತು. ಬಟ್ಟೆ ಎಡ ಹೆಗಲಿನ ಮೇಲಿತ್ತು!

"ಸಿಕ್ಕಿಬಿದ್ದ ಕಣೇ ರೆಜ್!" ಎಂದು ಹಿಲರಿಯ ಕಿವಿಯಲ್ಲಿ ಹೇಳಿ, ಪೈಯನ್ನು ಅರ್ಧಕ್ಕೇ ಬಿಟ್ಟು ಓಡಿದ. ದೂರು ನಿಜವಾದರೆ ರೆಜ್ ಮೈದಾನದಿಂದಲೇ ಹೊರಗೆ. ಯಾರ ಮೇಲೆ ದೂರು ಬರುತ್ತದೋ ಅವರನ್ನು ವಿಚಾರಣೆ ಮುಗಿಯುವವರೆಗೆ ಸ್ಪರ್ಧಿಗಳಿಂದ ದೂರ ಇಡತಕ್ಕದ್ದು ಎಂಬ ನಿಯಮವನ್ನು ಅವನೇ ಮಾಡಿದ್ದ.

ಹಿಂದಿನ ಕೋಣೆಯಲ್ಲಿ, ಪೀಪಾಯಿಗಳ ನಡುವೆ, ಹಾಲಿನ ಲೋಟ ಹಿಡಿದು ಕೂತಿದ್ದವಳು ಫರ್ಜಾನಾ.

ನೈಜೆಲ್‌ಗೆ ಸ್ವಲ್ಪ ಅಚ್ಚರಿಯಾಯಿತು. ಆದರೂ ತರಬೇತಿಯ ಮಾತುಗಳನ್ನು ಜ್ಞಾಪಿಸಿಕೊಂಡು, ಸ್ವರವನ್ನು ಮೆತ್ತಗೆ ಮಾಡಿ, "ನೀವು ನನ್ನ ಹತ್ತಿರ ಬಂದದ್ದಕ್ಕೆ ಧನ್ಯವಾದ. ನಾನು ನಡುವೆ ಬಾಯಿ ಹಾಕಲ್ಲ, ಯಾರ ಪರವಾಗೂ ವಾದಿಸಲ್ಲ. ನಿಮಗೆ ಹಿಂಸೆ ಕೊಟ್ಟವರು ಯಾರು?" ಎಂದ.

"ನಮ್ಮ ಕ್ಯಾಪ್ಟನ್," ಎಂದಳು ಫರ್ಜಾನಾ.

ನೈಜೆಲ್ ಬಾಗಿಲಿನ ಕಡೆ ತಿರುಗಿ ನೋಡಿದ, ಬೇರೆ ಯಾವ ಕ್ಯಾಪ್ಟನ್ ಆದರೂ ಬಂದು ನಿಂತಿದ್ದಾನೋ ಎಂದು. ಯಾರೂ ಇರಲಿಲ್ಲ. ಅವನ ತಲೆಯ ಮೇಲೆ ಆಕಾಶವೇ ಕಳಚಿ ಬಿತ್ತು. ಬಾಯಿ ತೆರೆದ, ನಡುವೆ ಬಾಯಿ ಹಾಕುವಂತಿಲ್ಲ. ಮುಚ್ಚಿದ.

"ಐದು ವರ್ಷ ಔಷಧಶಾಸ್ತ್ರ ಓದಿ ಪಾಸು ಮಾಡಿದ್ದೀನಿ, ಸರ್. ಮಾರೋಳು ಅಂತಾರೆ. ನಾನು ಏನು ಹೇಳಿದ್ರೂ ಪೆನ್ಸಿಲ್ ತಗೊಂಡು ಹಣೆಗೆ ಕುಟ್ಟಿಕೊಳ್ತಾರೆ. ಆ ಟಕ್ ಟಕ್ ಸದ್ದು ನನಗೆ ಅಂಗಡೀಲೂ ಕೇಳಿಸುತ್ತೆ."

"ಈಗ… ಈಗ ನಿಮಗೆ ಸುರಕ್ಷಿತ ಅನ್ನಿಸ್ತಿದೆಯಾ?" ನಿಯಮದಂತೆ ಕೇಳಲೇಬೇಕಲ್ಲ.

ಫರ್ಜಾನಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ಬಾಗಿಲಿಗೆ ಅಡ್ಡ ನಿಂತಿದ್ದೀರಿ," ಎಂದಳು.

ಅವಳು ಹೋದ ಬೆನ್ನಿಗೇ ಕೀತ್ ಬಂದ, ಲೋಟದೊಂದಿಗೆ. ಕೀತ್ ಅಷ್ಟು ಹೊತ್ತು ಮಾತಾಡಿದ್ದನ್ನು ಅವನ ಹೆತ್ತ ತಾಯಿಯೂ ಕೇಳಿರಲಿಕ್ಕಿಲ್ಲ. ಕೀತ್ ಆದಮೇಲೆ ಮಿಸ್ಟರ್ ಗಿಲ್ಬರ್ಟ್. ಪ್ರತಿ ಪ್ರಶ್ನೆಯ ನಂತರ ನೈಜೆಲ್ ಬಂದು 'ಪ್ರಶ್ನೆಯೇ ಸರಿಯಿರಲಿಲ್ಲ' ಎಂದು ವಾದಿಸುವುದರಿಂದ ತಮಗೆ ಮೈಮೇಲೆ ಕಜ್ಜಿ ಏಳುತ್ತಿದೆ ಎಂದು ಅಂಗಿಯ ತೋಳು ಮಡಚಿ ತೋರಿಸಿದರು. ಬಾರಿನಲ್ಲಿ ಹಾಲು ಮುಗಿದು, ಮೊರೀನ್ ಪಕ್ಕದ ಅಂಗಡಿಗೆ ಓಡಿದಳು ಎಂಬ ಸುದ್ದಿ ಬಂತು. ನೈಜೆಲ್ ಪ್ರತಿಯೊಬ್ಬರಿಗೂ "ಬಂದದ್ದಕ್ಕೆ ಧನ್ಯವಾದ" ಎನ್ನುತ್ತಿದ್ದ, ಆದರೆ ಧ್ವನಿ ಸಾವಿನ ಮನೆಯದಾಗಿತ್ತು.

ಆಮೇಲೆ ಬಂದವನನ್ನು ನೋಡಿ ಅವನು ಪೀಪಾಯಿಯ ಮೇಲೆ ಕುಸಿದ. ರೆಜ್ ಆಗ್ಡನ್! ಕೈಯಲ್ಲಿ ಹಾಲು!

"ನಿನಗೇನಯ್ಯಾ ಹಿಂಸೆ? ನೀನು ಗೆಲ್ತಿದ್ದೀಯ!"

"ನಡುವೆ ಬಾಯಿ ಹಾಕಲ್ಲ ಅಂತ ನೀನೇ ಅಂದಿದ್ದೆ," ಎಂದ ರೆಜ್, ಹಲ್ಲು ಕಟಕಟಾಯಿಸಿ. "ನೋಡು ನೈಜೆಲ್, ನಾನು ಕಟುಕ ಅಂತ ಊರಿಗೆಲ್ಲ ಹೇಳ್ತೀಯಂತೆ, ಇರಲಿ. ಆದ್ರೆ ಹಿಲರಿ ಸರಿಯಾದ ಉತ್ತರ ಹೇಳೋದು ನಮ್ಮ ಮೇಜಿಗೆ ಕೇಳಿಸುತ್ತೆ. ನೀನು ಅವಳ ಬಾಯಿ ಮುಚ್ಚಿಸಿ ನಮಗೆ ಅಂಕ ಕೊಡ್ತೀಯ. ಹೀಗೆ ಗೆದ್ದು ಗೆದ್ದು ನನಗೆ ರಾತ್ರಿ ನಿದ್ದೆ ಬರಲ್ಲ ಮಾರಾಯ. ಆ ಬಟ್ಟಲನ್ನ ನೋಡಿದ್ರೆ ಕಳ್ಳತನ ಮಾಡಿದ ಹಾಗೆ ಅನ್ನಿಸುತ್ತೆ."

ಕೊನೆಗೆ ಹಿಲರಿ ಬಂದಳು. ಮೊರೀನ್ ಅವಳಿಗೆ ಮಾತ್ರ ದೊಡ್ಡ ಲೋಟದಲ್ಲಿ ಕೊಟ್ಟಿದ್ದಳು.

ನೈಜೆಲ್ ನಿಯಮವನ್ನೆಲ್ಲ ಗಾಳಿಗೆ ತೂರಿದ. "ನೀನೂನಾ? ದಿನಾ ಕೇಳಿದೆನಲ್ಲೇ! ಊಟಕ್ಕೆ ಕೂತಾಗ ಕೇಳಿದೆ, ಟೀವಿ ಮುಂದೆ ಕೇಳಿದೆ! ಚೆನ್ನಾಗಿದ್ದೀನಿ ಅಂದೆ!"

"ನೈಜೆಲ್, ನೀನು ಹುಟ್ಟಿದ್ದು ಇದೇ ಊರಲ್ಲಿ ತಾನೆ? ಈ ಊರಲ್ಲಿ ಚೆನ್ನಾಗಿದ್ದೀನಿ ಅಂದ್ರೆ ಚೆನ್ನಾಗಿದ್ದೀನಿ ಅಂತ ಯಾವತ್ತಿಂದ ಅರ್ಥ?"

"ಮತ್ತೆ ಹೇಳಬಾರದಿತ್ತಾ? ಮನೆಯಲ್ಲಿ?"

ಹಿಲರಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. "ಮನೆಯಲ್ಲಿ ನೀನು ಗಂಡ. ಗಂಡನಿಗೆ ಹೇಳಿದ್ರೆ ನಿಟ್ಟುಸಿರು ಬಿಡ್ತೀಯ. ಇಲ್ಲಿ ಅಧಿಕಾರಿ, ಬಾಯಿ ಮುಚ್ಚಿಕೊಂಡು ಕೇಳಲೇಬೇಕು. ನಿನ್ನ ಈ ಯೋಜನೇಲಿ ನನಗೆ ಇಷ್ಟ ಆದದ್ದು ಅದೊಂದೇ." ಒಂದು ಗುಟುಕು ಕುಡಿದಳು. "ನನಗೆ ಸುಮಾರು ವಿಷಯ ಗೊತ್ತು ಕಣೋ. ಸ್ಕೂಲಲ್ಲಿ ಎಲ್ಲರೂ ನನ್ನನ್ನೇ ಕೇಳೋರು. ಈಗ ರಸ್ತೇಲಿ ಯಾರಾದ್ರೂ ಟಪಾಲು ಕಚೇರಿ ಯಾವ ಕಡೆ ಅಂತ ಕೇಳಿದ್ರೂ, 'ಬಹುಶಃ ಎಡಕ್ಕೆ, ಇನ್ಯಾರನ್ನಾದ್ರೂ ಕೇಳಿ' ಅಂತೀನಿ. ಟಪಾಲು ಕಚೇರಿ ನಮ್ಮ ಮನೆ ಎದುರಿಗಿದೆ, ನೈಜೆಲ್."

ನೈಜೆಲ್ ಕೆಟ್ಟವನಲ್ಲ, ಯಾವುದೋ ಊರಿನ ಯಾವಳೋ ಹೆಂಗಸು ಕಾರಿನಲ್ಲಿ ಮೂಗಿಯಾಗಿ ಬಂದ ಕಥೆ ಕೇಳಿ ಬೆಳ್ಳಗಾದವನು. ಆ ಕಾರು ತನ್ನದೇ ಆಗಿರಬಹುದು ಎಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಕ್ಷಮಿಸು ಎನ್ನಬೇಕೆಂದು ಬಾಯಿವರೆಗೆ ಬಂತು. ಬಾಯಿಂದ ಬಂದದ್ದು ಅಭ್ಯಾಸವಾಗಿದ್ದ ಮಾತು: "ನೀವು ನನ್ನ ಹತ್ತಿರ ಬಂದದ್ದಕ್ಕೆ ಧನ್ಯವಾದ."

"ಪರವಾಗಿಲ್ಲ," ಎಂದಳು ಹಿಲರಿ. "ಈಗ ಮುಂದಿನ ನಿಯಮ ಏನು?"

ಮುಂದಿನ ನಿಯಮ, ಮೇಲಿನವರಿಗೆ ತಿಳಿಸುವುದು. ನೈಜೆಲ್ ಕಾಲೆಳೆದುಕೊಂಡು ಮಿಸ್ ಫಿಲ್ಪಾಟ್ ಬಳಿಗೆ ಹೋಗಿ ನಿಂತ.

"ದೂರು ಬಂದಿದೆಯಾ? ಯಾರ ಮೇಲೆ?"

"ನನ್ನ ಮೇಲೆ."

"ಕೊಟ್ಟವರು?"

"ಮಿಕ್ಕವರೆಲ್ಲ."

ಮಿಸ್ ಫಿಲ್ಪಾಟ್ ಕನ್ನಡಕ ಒರೆಸಿಕೊಂಡರು. "ಹಾಗಾದರೆ ಆ ಮನುಷ್ಯನನ್ನ ಸ್ಪರ್ಧಿಗಳಿಂದ ದೂರ ಇಡಬೇಕಾಗುತ್ತೆ. ಅವನಿಗೆ ಯಾರು ಹೇಳಬೇಕು?"

"ಕ್ಷೇಮಾಧಿಕಾರಿ," ಎಂದ ನೈಜೆಲ್.

"ಹೇಳು ಮತ್ತೆ."

ಹೀಗೆ ನೈಜೆಲ್ ಟಾಟರ್ಸಲ್ ತನಗೆ ತಾನೇ ಅಪ್ಪಣೆ ಕೊಟ್ಟುಕೊಂಡು, ತನ್ನನ್ನು ತಾನೇ ಜೊತೆಯಲ್ಲಿ ನಡೆಸಿಕೊಂಡು ಹೊರಗೆ ಹೋದ. ಹಿತ್ತಲಿನ ಒದ್ದೆ ಬೆಂಚಿನ ಮೇಲೆ, ಮಡಚಿಟ್ಟ ಛತ್ರಿಗಳ ನಡುವೆ, ಹಳದಿ ಅಂಗಿಯಲ್ಲಿ ಕೂತ. ಕಿಟಕಿ ಅರ್ಧ ತೆರೆದಿತ್ತು. ದ್ವಿತೀಯಾರ್ಧಕ್ಕೆ 'ಬಲ್ಲವರು' ತಂಡದ ಕ್ಯಾಪ್ಟನ್ ಹಿಲರಿ ಎಂದು ಗಿಲ್ಬರ್ಟ್ ಸಾರಿದ್ದು ಕೇಳಿಸಿತು.

ಮೊದಲ ಉತ್ತರ ಹೇಳುವಾಗ ಹಿಲರಿಯ ಧ್ವನಿ ನಡುಗುತ್ತಿತ್ತು. ಆಮೇಲೆ ನಡುಗಲಿಲ್ಲ. ಹಕ್ಕಿಗಳು, ನದಿಗಳು, ರಾಣಿಯರ ಗಂಡಂದಿರು, ಒಂದಾದಮೇಲೊಂದು ಹೇಳುತ್ತಾ ಹೋದಳು. ಕೀತ್ ಮಾತಾಡಿದ. ಫರ್ಜಾನಾ ನಕ್ಕಳು. ನೈಜೆಲ್ ಹೊರಗಿನಿಂದಲೇ ಪ್ರತಿ ಪ್ರಶ್ನೆಗೂ ಮನಸ್ಸಿನಲ್ಲಿ ಉತ್ತರ ಹೇಳಿಕೊಂಡ. ಬಹಳಷ್ಟು ಧೀರ ಪ್ರಯತ್ನಗಳೇ ಆದವು. ಅವನಿಗೆ ನಿಜಕ್ಕೂ ಆಘಾತವಾದದ್ದು ಆಗಲೇ. ಇವಳಿಗೆ ಇಷ್ಟೆಲ್ಲ ಗೊತ್ತಿತ್ತೇ? ಮೂವತ್ತು ವರ್ಷದಿಂದ ತನ್ನ ಪಕ್ಕದಲ್ಲಿ ಮಲಗಿದ್ದಳಲ್ಲ! ಆಮೇಲೆ ಒಳಗೆ ಸೂರು ಹಾರಿಹೋಗುವಂಥ ಚಪ್ಪಾಳೆ ಬಿತ್ತು, 'ಬಲ್ಲವರು' ಗೆದ್ದಿದ್ದರು. ಎಲ್ಲರಿಗಿಂತ ಜೋರಾಗಿ ಕೂಗಿದವನು ಸೋತ ರೆಜ್ ಆಗ್ಡನ್. ಅವನಿಗೆ ಅಂದು ಒಳ್ಳೆಯ ನಿದ್ದೆ ಬಂದಿರಬೇಕು.

ಕಾರಿನಲ್ಲಿ ನೈಜೆಲ್ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ. ಏನಾದರಾಗಲಿ, ಬಟ್ಟಲ ಮೇಲೆ ಕ್ಯಾಪ್ಟನ್ನನ ಹೆಸರು ಬರುತ್ತದೆ. ನೈಜೆಲ್ ಅಲ್ಲದಿದ್ದರೆ ಹೋಗಲಿ, ಟಾಟರ್ಸಲ್ ಎಂದಂತೂ ಬರುತ್ತದೆ. ದೂರದಿಂದ ನೋಡುವವರಿಗೆ ಟಾಟರ್ಸಲ್ ಅಂದರೆ ಟಾಟರ್ಸಲ್. ಈ ಯೋಚನೆ ಬಂದಮೇಲೆ ಹಿಲರಿಗೆ "ಅಭಿನಂದನೆ" ಎನ್ನುವಷ್ಟು ಮನಸ್ಸು ದೊಡ್ಡದಾಯಿತು.

ವಿಚಾರಣೆ ನಡೆದು ತೀರ್ಪು ಬಂದದ್ದು ಹೊಸ ಋತುವಿನ ಮೊದಲ ಪಂದ್ಯಕ್ಕೆ ಸ್ವಲ್ಪ ಮುಂಚೆ. ನೈಜೆಲ್ ತಂಡದಲ್ಲಿ ಆಡಬಹುದು. ಆದರೆ ಜವಾಬ್ದಾರಿಯುತ ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ ಮಾತ್ರ. ಮಕ್ಕಳಿಗೆಂದು ಇರುವ ನಿಯಮವನ್ನೇ ಮಿಸ್ ಫಿಲ್ಪಾಟ್ ಅವನಿಗೂ ಹೊಂದಿಸಿದ್ದರು.

"ನೀನೇ ಆಗೇ," ಎಂದು ನೈಜೆಲ್ ಹಿಲರಿಗೆ ದುಂಬಾಲು ಬಿದ್ದ.

"ನನಗೆಲ್ಲಿ ಪುರುಸೊತ್ತು? ನಾನು ಕ್ಯಾಪ್ಟನ್. ಅಮ್ಮ ಬರ್ತಾಳಂತೆ."

ಹಿಲರಿಯ ತಾಯಿ ಮಿಸೆಸ್ ಎಡ್ನಾ ಕ್ರಾಬ್‌ಟ್ರೀ ಕಾಲುವೆ ಪಕ್ಕದ ವೃದ್ಧರ ವಸತಿಯಿಂದ ಟ್ಯಾಕ್ಸಿ ಮಾಡಿಕೊಂಡು ಬಂದರು. ಮದುವೆಯ ದಿನವೇ ಅಳಿಯನನ್ನು ನೋಡಿ "ಉಸಿರು ಜಾಸ್ತಿ" ಎಂದಿದ್ದವರು. ಈಗ ಆ ಮಾತಿಗೆ ಲೀಗಿನ ಮುದ್ರೆ ಬಿದ್ದಂತಾಗಿತ್ತು. ಕುರ್ಚಿಯನ್ನು ನೈಜೆಲ್‌ನ ಬೆನ್ನಿಗೇ ಹಾಕಿಸಿಕೊಂಡು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಅವನ ಎದೆ ಸ್ವಲ್ಪ ಉಬ್ಬಿದರೆ ಸಾಕು, ಅವರ ಕೈಯಲ್ಲಿದ್ದ ಹೆಣಿಗೆ ಸೂಜಿ ಬೆನ್ನಿಗೆ ತಾಗುತ್ತಿತ್ತು.

"ನಾನು ಬರೀ ಉಸಿರಾಡ್ತಿದ್ದೆ, ಅತ್ತೆ!"

"ಮೆಲ್ಲಗೆ ಆಡಪ್ಪಾ, ಎಲ್ಲರಿಗೂ ಬೇಕು ಗಾಳಿ," ಎಂದರು ಅತ್ತೆ.

ಪಂದ್ಯ ಶುರುವಾಗುವ ಮುಂಚೆ ಮಿಸ್ ಫಿಲ್ಪಾಟ್ ಕೆತ್ತನೆ ಮುಗಿಸಿ ಬಂದ ಬೆಳ್ಳಿ ಬಟ್ಟಲನ್ನು ತಂದು ಮೇಜಿನ ಮೇಲಿಟ್ಟರು. ನೈಜೆಲ್‌ನ ಕೈ ತಾನಾಗಿಯೇ ಮುಂದೆ ಹೋಯಿತು. ಕನ್ನಡಕ ಸರಿಮಾಡಿಕೊಂಡು, ರೆಜ್‌ನ ಹೆಸರುಗಳನ್ನೆಲ್ಲ ದಾಟಿ, ತಿರುಗಿಸುತ್ತಾ ತಿರುಗಿಸುತ್ತಾ, ಹೊಸದಾಗಿ ಹೊಳೆಯುತ್ತಿದ್ದ ಸಾಲಿಗೆ ಬಂದ.

ಹಿಲರಿ ಕ್ರಾಬ್‌ಟ್ರೀ.

ಮತ್ತೊಮ್ಮೆ ಓದಿದ. ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದ. ಅದೇ ಇತ್ತು.

"ಇದೇನೇ ಇದು?" ಬಟ್ಟಲನ್ನು ಹಿಲರಿಯ ಮುಂದೆ ಹಿಡಿದ. "ಇದು ನಿನ್ನ ತೌರಿನ ಹೆಸರು! ಮದುವೆಯಾದಾಗಿನಿಂದ ನೀನು ಟಾಟರ್ಸಲ್ ಅಲ್ವಾ? ಕೆತ್ತೋನು ತಪ್ಪು ಮಾಡಿದ್ದಾನೆ. ವಾಪಸು ಕಳಿಸಬೇಕು."

"ತಪ್ಪಿಲ್ಲ. ನಾನೇ ಹೇಳಿ ಹಾಕಿಸಿದ್ದು."

"ಯಾಕೆ?"

ಹಿಲರಿ ಪೆನ್ಸಿಲು ಚೂಪು ಮಾಡಿಕೊಳ್ಳುತ್ತಿದ್ದಳು. ತಲೆಯೆತ್ತಿ ಗಂಡನನ್ನು ನೋಡಿದಳು. ಕೋಪವೇನೂ ಇರಲಿಲ್ಲ ಅವಳಿಗೆ, ನಗುವೇ ಇತ್ತು.

"ಟಾಟರ್ಸಲ್ ಅಂತ ಹಾಕಿಸಿದ್ರೆ ಮುಂದೆ ನೋಡೋರೆಲ್ಲ ಅದು ನೀನೇ ಅಂದ್ಕೊಳ್ತಿದ್ರು, ನೈಜೆಲ್. ನೀನೂ 'ಅದು ನಾನಲ್ಲ' ಅಂತಿರಲಿಲ್ಲ."

ಅಂತಹ ಅನ್ಯಾಯದ ಆಪಾದನೆಗೆ ತಕ್ಕ ಉತ್ತರ ಕೊಡಲೆಂದು ನೈಜೆಲ್ ಬಾಯಿ ತೆರೆದ. ಅತ್ತೆ ಕೈಚೀಲದಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು ಆ ತೆರೆದ ಬಾಯೊಳಗೆ ಇಟ್ಟರು.